ಹಿಟ್ಟು ಉಕ್ಕಿದ ಬೀದಿ

ಈ ವರ್ಷ ಏಪ್ರಿಲ್ ತಿಂಗಳ ಮೊದಲ ಶನಿವಾರ ಬೆಳಿಗ್ಗೆ, ಫುಕುವೋಕಾದಲ್ಲಿ ವಿಶ್ವವಿದ್ಯಾಲಯದ ಹಿಂಬಾಗಿಲಿನ ಬೀದಿಯ ಅಕ್ಕಿ ಅಂಗಡಿ ಮತ್ತೆ ತೆರೆಯಿತು. ವರ್ಷಗಳಿಂದ ಮುಚ್ಚಿದ್ದ ಶಟರ್ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಎದುರಿನ ಕ್ಷೌರದಂಗಡಿಯವರು ಎಣ್ಣೆ ಡಬ್ಬಿ ಹಿಡಿದು ಓಡಿ ಬಂದರು. ಅದು ಪೂರ್ತಿ ಮೇಲೆ ಹೋದಾಗ ಬೀದಿಯಲ್ಲಿ ನೆರೆದಿದ್ದವರು ಚಪ್ಪಾಳೆ ತಟ್ಟಿದರು. ಕೆಲವರಿಗೆ ತಟ್ಟಲು ಆಗಲಿಲ್ಲ, ಅವರ ಕೈಯಲ್ಲಿ ಇಡ್ಲಿ ಇತ್ತು.

ನಾವು ಈ ಬಡಾವಣೆಗೆ ಬಂದದ್ದು ಎರಡು ವರ್ಷದ ಹಿಂದೆ, ಕಾವಾಸಾಕಿಯಿಂದ. ಅಷ್ಟರಲ್ಲಿ ವಿಶ್ವವಿದ್ಯಾಲಯದ ಬಹುಪಾಲು ವಿಭಾಗಗಳು ಊರಾಚೆಯ ಹೊಸ ಆವರಣಕ್ಕೆ ಹೋಗಿದ್ದವು. ವಿದ್ಯಾರ್ಥಿಗಳು ಹೋದ ಮೇಲೆ ಅವರ ಬಾಡಿಗೆ ಕೋಣೆಗಳು, ಊಟದ ಅಂಗಡಿಗಳು, ಹಳೆ ಪುಸ್ತಕದಂಗಡಿ ಒಂದೊಂದಾಗಿ ಮುಚ್ಚಿದವು. ಖಾಲಿಯಾದ ಜಾಗದಲ್ಲಿ ಹೊಸದೊಂದು ಸಂಶೋಧನಾ ಕೇಂದ್ರ ತೆರೆಯಿತು. ನನ್ನ ಗಂಡನಿಗೆ ಕೆಲಸ ಸಿಕ್ಕಿದ್ದು ಅಲ್ಲಿ. ಕೇಂದ್ರದವರು ಬಸ್ಸಿಳಿದು ಮುಂಬಾಗಿಲಿನಿಂದ ಒಳಗೆ ಹೋಗುತ್ತಿದ್ದರು, ಮುಂಬಾಗಿಲಿನಿಂದಲೇ ಹೊರಬರುತ್ತಿದ್ದರು. ಊಟಕ್ಕೆ ಆವರಣದೊಳಗೇ ಕೊಂಬಿನಿ, ಅಂದರೆ ದಿನವಿಡೀ ತೆರೆದಿರುವ ಪುಟ್ಟ ಅಂಗಡಿ, ಇತ್ತು. ಹಿಂಬಾಗಿಲಿನ ಬೀದಿಗೆ ಯಾರೂ ಬರುತ್ತಿರಲಿಲ್ಲ.

ಆ ಬೀದಿಗೆ ಉದ್ದಕ್ಕೂ ಚಾವಣಿ ಇದೆ. ಎರಡೂ ಬದಿಯ ಅಂಗಡಿಗಳ ಮೇಲೆ ಕಮಾನಿನಂತೆ ಕೂತಿರುವ ಹಳೆಯ ಚಾವಣಿ. ಮಳೆ ಬಂದರೆ ರೈಲು ನಿಲ್ದಾಣದ ಹತ್ತಿರದಿಂದ ಹಿಂಬಾಗಿಲವರೆಗೆ ಕೊಡೆ ಬಿಚ್ಚದೆ ನಡೆಯಬಹುದು. ಅದನ್ನು ನೋಡಿಕೊಳ್ಳುವುದು ಅಂಗಡಿಗಳವರ ಸಂಘದ ಹೊಣೆ. ನಾವು ಬಂದಾಗ ತೆರೆದಿದ್ದವು ಮೂರೇ ಅಂಗಡಿ: ಕ್ಷೌರದ್ದು, ಔಷಧಿಯದ್ದು, ಸೋಯಾ ಪನೀರಿನಂಥ ತೋಫುವಿನದ್ದು. ಕ್ಷೌರದಂಗಡಿಯವರೇ ಸಂಘದ ಅಧ್ಯಕ್ಷರು. ನನ್ನ ಗಂಡನ ತಲೆಗೆ ಕತ್ತರಿ ಹಾಕುತ್ತಾ ಅವರು ವಿಷಯ ತಿಳಿಸಿದರು. ತೋಫು ಅಂಗಡಿಯಾಕೆ ನಿಲ್ಲಿಸುವ ಯೋಚನೆಯಲ್ಲಿದ್ದಾರೆ. ಅವರು ನಿಲ್ಲಿಸಿದರೆ ಉಳಿದ ಇಬ್ಬರಿಂದ ಚಾವಣಿ ನೋಡಿಕೊಳ್ಳಲು ಆಗದು. ಶರತ್ಕಾಲದ ಸಭೆಯಲ್ಲಿ ಸಂಘವನ್ನು ಮುಚ್ಚಿ, ಚಾವಣಿ ಕೆಡವಲು ತೀರ್ಮಾನಿಸುತ್ತಾರೆ.

ತೋಫು ಅಂಗಡಿಯಾಕೆಗೆ ಎಪ್ಪತ್ತು ದಾಟಿತ್ತು. ಮಾವನ ಕಾಲದ ಅಂಗಡಿ. ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ಊಟದ ಮನೆಗೆಲ್ಲ ಇಲ್ಲಿಂದಲೇ ತೋಫು ಹೋಗುತ್ತಿತ್ತಂತೆ. ನಾವು ಬಂದ ಮೇಲೆ ನೋಡಿದಂತೆ, ಬೆಳಗಿನ ಕೆಲಸ ಮುಗಿದರೆ ಆಮೇಲೆ ಇಡೀ ದಿನ ಅವರು ಗಲ್ಲಾಪೆಟ್ಟಿಗೆಯ ಹತ್ತಿರ ಕೂತು ರೇಡಿಯೊದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದರು.

ಮೈಸೂರಿನ ಹುಡುಗಿಯೊಬ್ಬಳು ನನ್ನ ಗಂಡನ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಊರಿಂದ ಬರುವಾಗ ಬಟ್ಟೆ ಕಡಿಮೆ ಮಾಡಿ ಮಿಕ್ಸಿ ತಂದಿದ್ದಳು. ಇಲ್ಲಿನ ಕರೆಂಟು ನೂರು ವೋಲ್ಟು. ನಮ್ಮ ಮಿಕ್ಸಿ ಅದರಲ್ಲಿ ತೂಕಡಿಸುತ್ತದೆ. "ಅಕ್ಕಾ, ಉದ್ದಿನಬೇಳೆ ಹಾಕಿದ್ರೆ ಅದು ರುಬ್ಬಲ್ಲ, ನರಳುತ್ತೆ," ಎಂದಿದ್ದಳು. ಇಲ್ಲಿ ಕೊಂಡ ಪುಟ್ಟ ಮಿಕ್ಸಿ ಎರಡನೇ ಸಲಕ್ಕೆ ಹೊಗೆ ಕಾರಿತು. ಅವಳ ಇಡ್ಲಿಯನ್ನು ನನ್ನ ಗಂಡ ಪೇಪರ್‌ವೇಟ್ ಎಂದು ಕರೆಯುತ್ತಿದ್ದರು.

ಕಳೆದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ಅವಳೂ ನಾನೂ ನನ್ನ ಮಗಳೂ ಆ ಬೀದಿಯಲ್ಲಿ ಬರುತ್ತಿದ್ದೆವು. ತೋಫು ಅಂಗಡಿಯ ಒಳಗೆ ಸೋಯಾ ಕಾಳು ರುಬ್ಬುವ ದೊಡ್ಡ ಯಂತ್ರದ ಹಿಂದೆ, ಗೋಡೆಗೆ ಒತ್ತರಿಸಿದ್ದ ಇನ್ನೊಂದು ಸಣ್ಣ ಯಂತ್ರ ಅವಳ ಕಣ್ಣಿಗೆ ಬಿತ್ತು. ಒಂದರ ಮೇಲೊಂದು ಕೂತ ಎರಡು ಕಲ್ಲು, ಪಕ್ಕದಲ್ಲಿ ಮೋಟರು.

"ಅಕ್ಕಾ! ರುಬ್ಬೋ ಕಲ್ಲು!"

ನಾನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಅವಳು ಒಳಗೆ ನುಗ್ಗಿ, ತನಗೆ ಗೊತ್ತಿದ್ದ ಜಪಾನಿಯಲ್ಲಿ ಮಾತು ಶುರು ಮಾಡಿದ್ದಳು. ಹಿಟ್ಟಿಗೆ ಜಪಾನಿ ಪದ ಗೊತ್ತಿರಲಿಲ್ಲ, ಅದೊಂದನ್ನು ಕನ್ನಡದಲ್ಲೇ ಹೇಳಿದಳು. "ಸುಮಿಮಾಸೆನ್, ಕ್ಷಮಿಸಿ, ಆ ಕಲ್ಲಿನಲ್ಲಿ ನಮಗೆ ಹಿಟ್ಟು ಬೇಕು," ಎಂದಳು.

"ಹಿಟ್ಟೋ?" ಅಂಗಡಿಯಾಕೆಯ ಮುಖ ಅರಳಿತು. ಎರಡೂ ಕೈ ಸೇರಿಸಿ ಬ್ಯಾಟು ಬೀಸಿ ತೋರಿಸಿದರು. ಜಪಾನಿಯರು ಇಂಗ್ಲಿಷಿನ ಹಿಟ್ ಅನ್ನು ಹಿಟ್ಟೋ ಎನ್ನುತ್ತಾರೆ. ನಾವು ಸಿನಿಮಾ ಹಿಟ್ಟು ಎಂದ ಹಾಗೆ. "ನಿನ್ನೆಯ ಆಟ ಕೇಳಿದೆಯಾ? ಎಂಥ ಹಿಟ್ಟೋ!"

"ಹಾಯ್, ಹಾಯ್," ಎಂದು ಜಪಾನಿಯಲ್ಲಿ ಹೌದು ಹೌದೆನ್ನುತ್ತಾ ಇವಳು ತಲೆ ಆಡಿಸಿದಳು. ಅವರು ಬೇಸ್‌ಬಾಲ್ ತಂಡದ ಚಿತ್ರವಿದ್ದ ಬೀಸಣಿಗೆಯೊಂದನ್ನು ತಂದು ಅವಳ ಕೈಗಿತ್ತರು. ಅವಳು ಬೀಸಣಿಗೆಯನ್ನೂ ಕಲ್ಲನ್ನೂ ನೋಡಿದಳು.

"ಅಮ್ಮಾ, ಶೀ ಥಿಂಕ್ಸ್ ಇಟ್ಸ್ ಬೇಸ್‌ಬಾಲ್," ಎಂದು ನನ್ನ ಮಗಳು ನೆಲಕ್ಕೆ ಕೂತು ನಗತೊಡಗಿದಳು.

ನಾನು ವಿವರಿಸಿದೆ: ಅಕ್ಕಿ, ಒಂದು ಬಗೆಯ ಬೇಳೆ, ನೆನೆಸಿ ರುಬ್ಬುವುದು, ಹಬೆಯಲ್ಲಿ ಬೇಯಿಸುವುದು. ಅಂಗಡಿಯಾಕೆ ತಲೆ ಓರೆ ಮಾಡಿ, ಹಲ್ಲಿನ ನಡುವೆ ಉಸಿರೆಳೆದುಕೊಂಡು, "ಸ್ವಲ್ಪ ಕಷ್ಟ," ಎಂದರು. ಜಪಾನಿನಲ್ಲಿ ಅದರರ್ಥ ಆಗುವುದಿಲ್ಲ ಎಂದು.

ಹೊರಗೆ ಬಂದ ಮೇಲೆ ಹುಡುಗಿಗೆ ಅದನ್ನು ಹೇಳಿದೆ. "ಅದೆಲ್ಲ ಇಲ್ಲಿಯವರಿಗೆ ಅಕ್ಕಾ. ನಮ್ಮ ಆಫೀಸುಗಳಲ್ಲಿ ಸ್ವಲ್ಪ ಕಷ್ಟ ಅಂದ್ರೆ ನಾಳೆ ಬಾ ಅಂತ," ಎಂದಳು. ಮರುದಿನ ನೆನೆಸಿದ ಅಕ್ಕಿ, ಉದ್ದಿನಬೇಳೆಯ ಬಕೆಟ್ಟು ಹಿಡಿದು ಅಂಗಡಿಯ ಮುಂದೆ ನಿಂತಳು. ಅಂಗಡಿಯಾಕೆ ಬಕೆಟ್ಟನ್ನು ನೋಡಿದರು, ಅವಳನ್ನು ನೋಡಿದರು, ಆಮೇಲೆ ಒಳಗೆ ಹೋಗಿ ಸಣ್ಣ ಯಂತ್ರದ ಮೇಲಿನ ಹೊದಿಕೆ ತೆಗೆದರು. ಊಟದ ಮನೆ ಹೋದಂದಿನಿಂದ ಅದು ತಿರುಗಿರಲಿಲ್ಲ. ತೊಳೆದು, ಕುದಿನೀರು ಸುರಿದು, ಸ್ವಿಚ್ಚು ಹಾಕಿದರು. ಉದ್ದು ಬೆಣ್ಣೆಯಂತೆ ಇಳಿಯಿತು.

ಆವತ್ತು ಮಳೆ ಜೋರಾಗಿತ್ತು. ತುಂಬಿದ ಬಕೆಟ್ಟನ್ನು ಸೈಕಲ್ಲಿನಲ್ಲಿ ಒಯ್ಯುವಂತಿರಲಿಲ್ಲ. ಬೆಳಿಗ್ಗೆ ಬರುತ್ತೇವೆ ಎಂದು ಅಲ್ಲೇ ಬಿಟ್ಟು ಬಂದೆವು.

ಬೆಳಿಗ್ಗೆ ಹೋದಾಗ ಬಕೆಟ್ಟು ತೊಳೆದು ಬೋರಲು ಹಾಕಿತ್ತು. ಅಂಗಡಿಯಾಕೆ ಬಾಗಿಲಲ್ಲೇ ಸೊಂಟ ಬಗ್ಗಿಸಿ ನಿಂತಿದ್ದರು.

"ಸುಮಿಮಾಸೆನ್. ನಿಮ್ಮದು ಕೆಟ್ಟುಹೋಯಿತು. ಹುಳಿ ವಾಸನೆ, ನೊರೆ. ಎಲ್ಲ ಚೆಲ್ಲಿದೆ. ಈ ಅಂಗಡಿಯಲ್ಲಿ ಯಾವತ್ತೂ ಏನೂ ಹುಳಿ ಹಿಡಿದಿರಲಿಲ್ಲ." ತಲೆ ಎತ್ತದೆಯೇ ಮುಂದುವರಿಸಿದರು. "ನನಗೆ ವಯಸ್ಸಾಯಿತು ಅಂತ ಕಾಣುತ್ತದೆ. ಸಭೆಯ ತನಕ ಕಾಯುವುದು ಬೇಡ. ಈ ತಿಂಗಳಿಗೇ ನಿಲ್ಲಿಸುತ್ತೇನೆ."

ತೋಫು ಮಾಡುವವರಿಗೆ ಹುಳಿ ಎಂದರೆ ಸೋಲು. ಇದು ನಮಗೆ ಹೊಳೆದೇ ಇರಲಿಲ್ಲ.

"ಅಯ್ಯೋ, ಹುಳಿ ಬಂದ್ರೇನೇ ಇಡ್ಲಿ!" ಹುಡುಗಿ ಕನ್ನಡದಲ್ಲೇ ಕೂಗಿಬಿಟ್ಟಳು. ನಾನು ಜಪಾನಿಯಲ್ಲಿ ಹೇಳಿದೆ: ಅದು ಕೆಟ್ಟಿರಲಿಲ್ಲ, ಹಣ್ಣಾಗಿತ್ತು, ಸೋಯಾ ಕಾಳು ಹುಳಿಸಿ ಮಾಡುವ ಇಲ್ಲಿನ ಮಿಸೋ ಹಾಗೆ. ನಮ್ಮ ಅಡಿಗೆಮನೆಗಳಲ್ಲಿ ಅಷ್ಟು ಚೆನ್ನಾಗಿ ಅದು ಎಂದೂ ಉಕ್ಕಿಲ್ಲ.

ಅವರು ನೆಟ್ಟಗಾದರು. "ಮಿಸೋಗೆ ತಿಂಗಳುಗಟ್ಟಲೆ ಬೇಕು. ಇದಕ್ಕೆ ಒಂದೇ ರಾತ್ರಿಯಾ?"

"ಹಾಯ್."

"ಹಾಗಾದರೆ ಚೆಲ್ಲಿದ್ದು ಒಳ್ಳೆಯದನ್ನೇ?"

"ಹಾಯ್," ಎಂದಳು ಹುಡುಗಿ, ಸ್ವಲ್ಪವೂ ದಾಕ್ಷಿಣ್ಯವಿಲ್ಲದೆ.

ಅಂಗಡಿಯಾಕೆ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. "ಇನ್ನೊಮ್ಮೆ ತನ್ನಿ. ಈ ಸಲ ನಾನು ಕಾಯುತ್ತೇನೆ," ಎಂದರು.

ಎರಡನೇ ಹಿಟ್ಟು ರುಬ್ಬಿದ ಮರುದಿನ ಬೆಳಿಗ್ಗೆ ನನ್ನ ಫೋನು ಹೊಡೆದುಕೊಂಡಿತು. "ಒಕುಸಾನ್, ಮುಚ್ಚಳ ಎತ್ತಿ ಹಾಕಿದೆ! ಬೇಗ ಬನ್ನಿ!" ಎಂದು ಅಂಗಡಿಯಾಕೆ ಕೂಗಿದರು. ಮದುವೆಯಾದ ಹೆಂಗಸರನ್ನು ಇಲ್ಲಿ ಒಕುಸಾನ್ ಎಂದು ಕರೆಯುತ್ತಾರೆ. ಹುಡುಗಿಗೂ ಫೋನು ಮಾಡಿ, ಮನೆಯವರೆಲ್ಲ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿದೆವು. ಹಬೆಗೆ ಅವರ ಬಾಯ್ಲರ್ ಇತ್ತು. ಇಡ್ಲಿ ತಟ್ಟೆ ಇರಲಿಲ್ಲ. ತೋಫು ಅಚ್ಚಿಗೆ ಹಾಸುವ ಹತ್ತಿ ಬಟ್ಟೆ ಹಾಸಿ ಹಿಟ್ಟು ಹೊಯ್ದೆವು. "ನಮ್ಮಜ್ಜಿನೂ ಬಟ್ಟೆ ಮೇಲೇ ಹಾಕ್ತಿದ್ದಿದ್ದು," ಎಂದಳು ಹುಡುಗಿ. ಕ್ಷೌರದಂಗಡಿಯವರು ಅರ್ಧ ಕತ್ತರಿಸಿದ ಗಿರಾಕಿಯನ್ನು ಬಿಟ್ಟು ಬಂದರು. ಬಿಳಿ ಬಟ್ಟೆ ಕುತ್ತಿಗೆಗೆ ಕಟ್ಟಿಕೊಂಡಿದ್ದ ಆ ಗಿರಾಕಿಯೂ ಹಿಂದೆಯೇ ಬಂದರು.

ಅಧ್ಯಕ್ಷರು ಇಡ್ಲಿಯ ಮೇಲೆ ಸೋಯಾ ಸಾಸ್ ಹಾಕಿಕೊಂಡು ತಿಂದರು. "ಯೋಕಾ," ಎಂದರು. ಚೆನ್ನಾಗಿದೆ ಎನ್ನಲು ಫುಕುವೋಕಾದವರು ಬಳಸುವ ಮಾತು. ನನ್ನ ಗಂಡ ಎರಡನೆಯದನ್ನು ಕೈಗೆತ್ತಿಕೊಂಡು, "ಪೇಪರ್ ಹಾರಿಹೋಗುತ್ತೆ ಈಗ," ಎಂದರು. "ಅಯ್ಯೋ ಸರ್, ಹೊಗಳಿಬಿಟ್ರಲ್ಲ!" ಎಂದಳು ಹುಡುಗಿ.

ಬಿಳಿ ಬಟ್ಟೆಯ ಗಿರಾಕಿ ಮಾತ್ರ ಹಬೆಗೆ ಹಾಸಿದ್ದ ಬಟ್ಟೆಗೆ ಅಂಟಿಕೊಂಡ ಇಡ್ಲಿಯ ಚೂರನ್ನು ಕೆರೆಯುತ್ತಾ, "ಅಕ್ಕಿ ತಪ್ಪು," ಎಂದರು. ಪಕ್ಕದಲ್ಲಿ ಮುಚ್ಚಿದ್ದ ಅಕ್ಕಿ ಅಂಗಡಿಯ ಯಜಮಾನರು ಅವರೇ. ನಾವು ಹಾಕಿದ್ದು ಜಪಾನಿನ ಜಿಗುಟು ಅಕ್ಕಿ. ಅಂಟು ಕಡಿಮೆ ಇರುವ ಅಕ್ಕಿ ತಾನು ತರಿಸಿಕೊಡುತ್ತೇನೆ ಎಂದರು. ಅರ್ಧ ಕ್ಷೌರದಲ್ಲೇ ಮನೆಗೆ ಹೋಗಿ ಎರಡು ಬಗೆಯ ಮಾದರಿ ತಂದರು.

ಆರೋಗ್ಯ ಕೇಂದ್ರದ ಪರಿಶೀಲನೆ ಮುಗಿದು ಪರವಾನಗಿ ಬಂದ ಮೇಲೆ, ಇಲ್ಲಿನ ಬೇಸಗೆಯಾದ ಜುಲೈನ ಒಂದು ಶನಿವಾರ ಅಂಗಡಿಯಾಕೆ ಬಾಗಿಲಿಗೆ ಬೋರ್ಡು ಹಾಕಿದರು. ಬ್ರಷ್ಷಿನಲ್ಲಿ ತಾವೇ ಬರೆದದ್ದು: ಇಂಡಿಯಾದ ಹಿಟ್ಟೋ. ಮೊದಲು ಬಂದ ನಾಲ್ಕೈದು ಜನ ಕ್ರಿಕೆಟ್ಟಿಗೆ ಸಂಬಂಧಿಸಿದ್ದೇನೋ ಇದೆ ಎಂದುಕೊಂಡು ಬಂದವರು. ಇಡ್ಲಿ, ಚಟ್ನಿ ತಿಂದು ಹೋಗಿ ತಮ್ಮವರನ್ನು ಕರೆತಂದರು. ನನ್ನ ಗಂಡ ಪ್ರಯೋಗಾಲಯದವರನ್ನು ಹಿಂಬಾಗಿಲಿನಿಂದ ಕರೆತಂದರು. ಆ ಬಾಗಿಲಿನಿಂದ ಹೊರಗೆ ಬಂದದ್ದು ಅವರಲ್ಲಿ ಹಲವರಿಗೆ ಅದೇ ಮೊದಲು. ಬಂದವರು ತೋಫುವನ್ನೂ ಕೊಂಡರು. ಮಳೆ ಬಂದ ಶನಿವಾರಗಳಲ್ಲಿ ಸಾಲು ಇನ್ನೂ ಉದ್ದವಾಗುತ್ತಿತ್ತು, ಮೇಲೆ ಚಾವಣಿ ಇತ್ತಲ್ಲ.

ಶರತ್ಕಾಲದ ಸಭೆ ಕ್ಷೌರದಂಗಡಿಯಲ್ಲೇ ನಡೆಯಿತು. ನನ್ನನ್ನೂ ಕರೆದಿದ್ದರು, ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಅಧ್ಯಕ್ಷರು ಕೇಳಿದರು: "ಅಂಗಡಿ ನಿಲ್ಲಿಸುವ ವಿಚಾರ ಯಾರಾದರೂ ಹೇಳುವುದಿದೆಯೇ?"

ಎಲ್ಲರೂ ತೋಫು ಅಂಗಡಿಯಾಕೆಯ ಕಡೆ ತಿರುಗಿದರು. ಅವರು ತಲೆ ಓರೆ ಮಾಡಿ, ಹಲ್ಲಿನ ನಡುವೆ ಉಸಿರೆಳೆದುಕೊಂಡರು.

"ನಿಲ್ಲಿಸುವುದು," ಎಂದರು, "ಸ್ವಲ್ಪ ಕಷ್ಟ."

ಕೋಣೆಯಲ್ಲಿ ಗದ್ದಲವೆದ್ದಿತು. ಔಷಧಿ ಅಂಗಡಿಯವರು ಕನ್ನಡಿಯ ಮುಂದಿನ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿಬಿಟ್ಟರು. ಚಾವಣಿ ಕೆಡವುವ ವಿಷಯವನ್ನು ಅಧ್ಯಕ್ಷರು ಸಭೆಯ ಮುಂದೆ ಇಡಲೇ ಇಲ್ಲ. ಅದರ ಬದಲು, ಅಕ್ಕಿ ಅಂಗಡಿ ಮತ್ತೆ ಸಂಘಕ್ಕೆ ಸೇರಲು ಕೇಳಿದೆ ಎಂದರು. ಎಲ್ಲರೂ ಕೈ ಎತ್ತಿದರು.

ಚಳಿಗಾಲದಲ್ಲಿ ಹಿಟ್ಟು ಉಕ್ಕಲು ಹಟ ಮಾಡಿತು. ಅಂಗಡಿಯಾಕೆ ಬಕೆಟ್ಟಿಗೆ ಕಂಬಳಿ ಸುತ್ತಿ ಬಾಯ್ಲರ್ ಪಕ್ಕ ಇಟ್ಟರು. ಒಂದು ಶನಿವಾರವೂ ತಪ್ಪಲಿಲ್ಲ. ಏಪ್ರಿಲ್‌ನಲ್ಲಿ ಅಕ್ಕಿ ಅಂಗಡಿ ತೆರೆಯಿತು. ಮೇನಲ್ಲಿ ಅದರ ಇನ್ನೊಂದು ಪಕ್ಕದಲ್ಲಿ, ಸಂಶೋಧನಾ ಕೇಂದ್ರದ ಕೆಲಸ ಬಿಟ್ಟ ಇಬ್ಬರು ಕಾಫಿ ಅಂಗಡಿ ತೆರೆದರು. ಹಳೆ ಪುಸ್ತಕದಂಗಡಿಯ ಜಾಗಕ್ಕೆ ಸೈಕಲ್ ರಿಪೇರಿಯವರು ಬಂದರು. ನನ್ನ ಮಗಳು ಶನಿವಾರ ಸಾಲಿನಲ್ಲಿ ನಿಂತವರಿಗೆ ಚಟ್ನಿ ಖಾರವೆಂದು ಜಪಾನಿಯಲ್ಲಿ ಎಚ್ಚರಿಸುತ್ತಾಳೆ. ಹಿಟ್ಟು ಮುಗಿದಾಗ ಮಾತ್ರ, "ಖಾಲಿ, ಖಾಲಿ!" ಎಂದು ಕನ್ನಡದಲ್ಲಿ ಕೂಗುತ್ತಾಳೆ. ಸಾಲಿನವರಿಗೆ ಅದು ಅರ್ಥವಾಗುತ್ತದೆ.

ಈ ಸೋಮವಾರ ಬೀದಿಯ ನಿಲ್ದಾಣದ ತುದಿಯಲ್ಲಿ ಏಣಿಗಳು ನಿಂತವು. ಚಾವಣಿಗೆ ಬಣ್ಣ ಹೊಡೆಯುತ್ತಿದ್ದಾರೆ. ಇವತ್ತಿಗೆ ಕೆಲಸ ತೋಫು ಅಂಗಡಿಯವರೆಗೆ ಬಂದಿದೆ.