ದಾರ ಸಡಿಲಾದ ಮರ

ಗೋಕಾಕದಲ್ಲಿ ಮರದ ಗೊಂಬೆ ಮಾಡುವ ನಮ್ಮ ಕಾಕಾ, ಮಮದಾಪುರದ ಹತ್ತಿರ ಕಾಡಿಗೆ ತಾಗಿದ ನಮ್ಮ ಹೊಲದ ಮರಗಳಿಗೆ ಪ್ರತಿ ಮಳೆಗಾಲ ಮುಗಿದ ಮೇಲೆ ಬಿಗಿಯಾಗಿ ದಾರ ಕಟ್ಟುತ್ತಿದ್ದರು. ಮರುವರ್ಷ ಅದು ತೊಗಟೆಯೊಳಗೆ ಹೂತಿದ್ದರೆ ಮರ ದಪ್ಪವಾಗಿದೆ ಎಂದರ್ಥ. ಈ ವರ್ಷ ದಾರದೊಳಗೆ ನನ್ನ ಕಿರುಬೆರಳು ತೂರಿತು.

“ಗಂಟು ಸಡಿಲ ಹಾಕೀರಿ, ಕಾಕಾ,” ಎಂದೆ.

“ಗಂಟು ಹಂಗ ಐತಿ. ಗಿಡಾನ ಸೊರಗೇತಿ. ಮಳಿ ಕೈಕೊಡ್ತು, ಬೇರಿಗೆ ತಳದಾಗಿನ ನೀರೂ ಸಿಗವಲ್ದು.”

ಕೆಳಗೆ ಕಬ್ಬಿನ ನಡುವೆ, ಹೋದ ಬೇಸಿಗೆಯಲ್ಲಿ ನಾನೇ ಇನ್ನಷ್ಟು ಆಳ ಕೊರೆಸಿದ್ದ ಬೋರಿನ ನೀರು ಹೊಂಡಕ್ಕೆ ಧುಮುಕುವ ಸದ್ದು ಕೇಳುತ್ತಿತ್ತು. ಓಡಿಹೋಗಿ ಮೋಟಾರು ಬಂದ್ ಮಾಡಿದೆ.

ಸದ್ದು ನಿಲ್ಲಲಿಲ್ಲ. ಸುತ್ತಲಿನ ಹೊಲಗಳಲ್ಲೆಲ್ಲ ಬೋರಿನ ನೀರು ಬೀಳುತ್ತಲೇ ಇತ್ತು.