ಓರನ್ ಗುಡ್ಡದ ಮೊಟಕು ಕ್ರಿಸ್‌ಮಸ್

ನನ್ನ ತಮ್ಮ ಓರನ್ ಜೌಡ್ರಿ ಹುಟ್ಟಿದಾಗಿನಿಂದ ಯಾರ ಹತ್ತಿರವೂ ಏನನ್ನೂ ಕೇಳಿದವನಲ್ಲ. ಊಟದ ಮೇಜಿನ ಆ ತುದಿಯಲ್ಲಿ ಉಪ್ಪಿದ್ದರೆ ಈ ತುದಿಯಲ್ಲಿ ಕುಳಿತು ಸಪ್ಪೆಯನ್ನೇ ತಿಂದು ಏಳುತ್ತಾನೆ. ಅಳದೆ ತಾಯಿಯೂ ಹಾಲು ಕೊಡಳು ಅನ್ನುತ್ತಾರೆ. ಇವನು ತೊಟ್ಟಿಲಲ್ಲೂ ಅಳುತ್ತಿರಲಿಲ್ಲವಂತೆ, ಅಮ್ಮನೇ ನೆನಪು ಮಾಡಿಕೊಂಡು ಎತ್ತಿಕೊಳ್ಳಬೇಕಾಗಿತ್ತು. ನಾನು ಅವನ ಅಕ್ಕ, ಎಲ್ವಾ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅವನ ಜೊತೆಗಿದ್ದೇನೆ. ಅವನ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುತ್ತೇನೆಂದು ಊರವರ ದೂರು. ಯಾರಾದರೂ ಆಡಬೇಕಲ್ಲ!

ನೋವಾ ಸ್ಕೋಷಿಯಾದ ಈ ಲೂನನ್‌ಬರ್ಗ್ ಸೀಮೆಯಲ್ಲಿ ಕ್ರಿಸ್‌ಮಸ್ ಮರ ಬೆಳೆಯದ ಮನೆ ಕಡಿಮೆ. ನವೆಂಬರ್ ಬಂತೆಂದರೆ ಸೂಜಿಯೆಲೆಯ ಫರ್ ಮರಗಳನ್ನು ಕಡಿದು, ಬಲೆಯಲ್ಲಿ ಬಿಗಿದು, ಲಾರಿಗೆ ಹೇರುತ್ತೇವೆ. ಲಾರಿಗಳು ಬಾಸ್ಟನ್ನಿನವರೆಗೂ ಹೋಗುತ್ತವೆ. ನಮ್ಮ ಮನೆಯ ಹಿಂದಿನ ಗುಡ್ಡ ಹೆದ್ದಾರಿಗೆ ಎದುರಾಗಿದೆ. ಮೂವತ್ತು ವರ್ಷದ ಹಿಂದೆ ಓರನ್ನನಿಗೆ ಒಂದು ಹುಚ್ಚು ಹಿಡಿಯಿತು. ಆ ಇಳಿಜಾರಿನಲ್ಲಿ ಸಸಿಗಳನ್ನು ಇಂಗ್ಲಿಷ್ ಅಕ್ಷರದ ಆಕಾರದಲ್ಲಿ ನೆಟ್ಟರೆ, ಹಿಮ ಬಿದ್ದಾಗ ಬಿಳಿಯ ಮೇಲೆ ಹಸಿರಾಗಿ 'ಕ್ರಿಸ್‌ಮಸ್' ಎಂದು ದಾರಿಹೋಕರಿಗೆಲ್ಲ ಕಾಣುತ್ತದೆ ಎಂದು. ಹಗ್ಗ ಹಿಡಿದು, ಗೂಟ ಹೊಡೆದು, ಅಳೆದೂ ಸುರಿದೂ ನೋಡಿದ. ಪೂರ್ತಿ ಹೆಸರಿಗೆ ಜಾಗ ಸಾಲಲಿಲ್ಲ. ಗುಡ್ಡದಲ್ಲಿ ನಮ್ಮದು ಅರ್ಧ ಮಾತ್ರ. ನಡುವೆ ಬುಡದಿಂದ ನೆತ್ತಿಯವರೆಗೆ ಬೇಲಿ, ಬೇಲಿಯಾಚೆಗೆ ಹರ್ಟಲ್ ಮುದುಕನ ಜಮೀನು. ಓರನ್ ಒಂದು ದಿನವೆಲ್ಲ ಗೂಟ ಕಿತ್ತು ಮತ್ತೆ ಹೊಡೆದು, ಕೊನೆಗೆ ಇದ್ದ ಜಾಗಕ್ಕೆ ತಕ್ಕಂತೆ ನಾಲ್ಕೇ ಅಕ್ಷರ ನೆಟ್ಟು ಬಂದ. ಕ್ರಿಸ್ತನ ಹೆಸರಿನ ಆರು ಅಕ್ಷರದ ಬದಲು ಒಂದೇ ಒಂದು ಎಕ್ಸ್. ಅಂದಿನಿಂದ ನಮ್ಮ ಗುಡ್ಡದ ಮೇಲೆ 'ಎಕ್ಸ್‌ಮಸ್'.

ಆ ಮರಗಳನ್ನು ಅವನು ಮಾರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಉದ್ದನೆಯ ಕತ್ತಿ ಹಿಡಿದು ಒಂದೊಂದನ್ನೂ ಸವರಿ ಆಳೆತ್ತರಕ್ಕೆ ನಿಲ್ಲಿಸುತ್ತಿದ್ದ. ಗೆರೆ ಎಲ್ಲೂ ಕೆಡಬಾರದು. ಸ್ವಂತ ಕೂದಲಿಗೆ ಬಾಚಣಿಗೆ ತೋರಿಸದವನು ಎಕ್ಸ್ ಎಂಬ ಅಕ್ಷರಕ್ಕೆ ಕ್ಷೌರ ಮಾಡುವುದನ್ನು ನೋಡಬೇಕಿತ್ತು.

ಇನ್ನು ಊರಿನ ಬಾಯಿ! ಕ್ರಿಸ್ತನ ಹಬ್ಬದಿಂದ ಕ್ರಿಸ್ತನನ್ನೇ ಕಿತ್ತುಹಾಕಿದ ಎಂದು ಕೆಲವರು ಉರಿದುಬಿದ್ದರು. ಕಾರಿನ ಹಿಂದೆಲ್ಲ 'ಕ್ರಿಸ್ತನನ್ನು ಉಳಿಸಿ' ಎಂಬ ಚೀಟಿ ಅಂಟಿತು. ಪೆಟ್ರೋಲ್ ಬಂಕಿನ ಮರ್ಲ್ ಝ್ವಿಕರ್ ನಮ್ಮ ಪರ. "ಹೆದ್ದಾರೀಲಿ ಗಂಟೆಗೆ ನೂರು ಕಿಲೋಮೀಟರ್ ಹೋಗೋನಿಗೆ ಪೂರ್ತಿ ಓದೋಕೆ ಪುರುಸೊತ್ತೆಲ್ಲಿದೆ? ಅಷ್ಟು ಉದ್ದ ಬರೆದ್ರೆ ಓದ್ತಾ ಓದ್ತಾ ಹಳ್ಳಕ್ಕೆ ಬೀಳ್ತಾನೆ ಅಷ್ಟೆ," ಎನ್ನುತ್ತಿದ್ದ. ಪಾದ್ರಿ ಕ್ರೌಸ್ ಒಂದು ಭಾನುವಾರ ಇದರ ಮೇಲೇ ಪ್ರವಚನ ಕೊಟ್ಟರು. ಗ್ರೀಕರ ಲಿಪಿಯಲ್ಲಿ ಕ್ರಿಸ್ತನ ಹೆಸರಿನ ಮೊದಲ ಅಕ್ಷರ ಎಕ್ಸ್‌ನ ಹಾಗೇ ಇದೆ, ಹಿಂದಿನ ಭಕ್ತರೂ ಹೀಗೇ ಬರೆಯುತ್ತಿದ್ದರು, ಇದರಲ್ಲಿ ಅಪಚಾರವೇನೂ ಇಲ್ಲ ಎಂದು. ಅರ್ಧ ಜನ ತೂಕಡಿಸುತ್ತಿದ್ದರು. ಮುಂದಿನ ಸಾಲಿನಿಂದ ವೆಸ್ಟಾ ಹರ್ಟಲ್ ಎದ್ದು ನಿಂತಳು.

"ಪಾದ್ರಿಗಳೇ, ಆ ಲಾರಿ ಓಡಿಸೋರಿಗೆಲ್ಲ ಗ್ರೀಕ್ ಬರುತ್ತಾ?"

ತೂಕಡಿಸುತ್ತಿದ್ದವರೆಲ್ಲ ಎಚ್ಚರಾದರು.

ನನ್ನನ್ನು ಕೇಳಿದರೆ, ಹೆಸರು ಮೊಟಕಾದರೆ ಭಕ್ತಿ ಮೊಟಕಾಗುವುದಿಲ್ಲ. ನಾವು ಯಾರ ಹೆಸರನ್ನು ತುಂಡರಿಸಿ ಕರೆಯುತ್ತೇವೆ? ಮುದ್ದು ಮಾಡುವವರದ್ದು. ಎಲ್ವಿನಾ ಎಂದು ಪೂರ್ತಿ ಹೆಸರು ಹಿಡಿದು ಅಮ್ಮ ನನ್ನನ್ನು ಕೂಗಿದಳೆಂದರೆ ಅಂದು ಬೆನ್ನಿಗೆ ಏಟು ಖಾತ್ರಿ. ಇದನ್ನು ನಾನು ವೆಸ್ಟಾಳಿಗೂ ಹೇಳಿದ್ದೆ. "ಹಾಗಾದ್ರೆ ನಿಮ್ಮನೇಲಿ ಪ್ರೀತಿ ಜಾಸ್ತಿ ಬಿಡು, ಇದ್ದದ್ದನ್ನೆಲ್ಲ ಕತ್ತರಿಸಿ ಇಟ್ಕೊಂಡಿದ್ದೀರ," ಎಂದು ಹೊರಟುಹೋದಳು.

ವೆಸ್ಟಾ ಯಾರೆಂದು ಹೇಳಬೇಕು. ಬೇಲಿಯಾಚೆಯ ಹರ್ಟಲ್ ಮುದುಕನ ಒಬ್ಬಳೇ ಮಗಳು. ಊರಿನ ಶಾಲೆಯಲ್ಲಿ ಟೀಚರ್ ಆಗಿದ್ದಳು. ಮದುವೆಯಾಗಲಿಲ್ಲ. ಮುದುಕ ಸತ್ತ ಮೇಲೂ ಅದೇ ಮನೆಯಲ್ಲಿ ಒಬ್ಬಳೇ ಇದ್ದಳು. ನಮ್ಮ ಗುಡ್ಡದ ನಾಲ್ಕು ಅಕ್ಷರದಲ್ಲಿ ಅವಳ ಅಡುಗೆಮನೆಯ ಕಿಟಕಿಗೆ ಕಾಣುವುದು ಬೇಲಿಯ ಪಕ್ಕದ ಎಕ್ಸ್ ಒಂದೇ. ಲೆಕ್ಕ ತಪ್ಪಾದಾಗ ಹಾಕುವ ಗುರುತಿನ ಹಾಗೆ ಅದು ದಿನಾ ಬೆಳಿಗ್ಗೆ ಎದುರಿಗೆ ನಿಂತಿರುತ್ತದೆ ಎಂದು ಗೊಣಗುತ್ತಿದ್ದಳು. ಊರಿನಲ್ಲಿ ಒಬ್ಬೊಬ್ಬರ ಸಿಟ್ಟೂ ಇಳಿಯಿತು, ಕಾರಿನ ಚೀಟಿಗಳೂ ಮಾಸಿದವು, ಇವಳದ್ದು ಮಾತ್ರ ಇಳಿಯಲಿಲ್ಲ. ಬಹಳ ದೈವಭಕ್ತೆ ಎಂದು ಎಲ್ಲರೂ ಅಂದುಕೊಂಡೆವು.

ಓರನ್ನನಿಗೆ ಅವಳೆಂದರೆ ಪ್ರಾಣ. ಅದನ್ನು ಅವನು ಹೇಳಬೇಕಾಗಿರಲಿಲ್ಲ, ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಹಿಮ ಬಿದ್ದ ದಿನ ನಮ್ಮ ಬಾಗಿಲು ಹೂತುಹೋಗಿದ್ದರೂ ಮೊದಲು ಅವಳ ದಾರಿಯನ್ನು ತೋಡಿ ಬರುತ್ತಿದ್ದ. ಅವಳ ಸೌದೆ ಒಡೆಯುತ್ತಿದ್ದ. ಎದುರಿಗೆ ಸಿಕ್ಕರೆ ಮಾತ್ರ ಟೋಪಿ ಎತ್ತಿ "ನಮಸ್ಕಾರ ಟೀಚರ್," ಅಷ್ಟೇ. ನೋಡಿ ನೋಡಿ ನನ್ನ ತಾಳ್ಮೆ ತೀರಿತು.

ಕಳೆದ ಅಕ್ಟೋಬರ್‌ನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ವರ್ಷದ ಊಟವಿತ್ತು. ಹುಳಿ ಬರಿಸಿದ ಎಲೆಕೋಸು, ಸಾಸೇಜು, ಆಲೂಗಡ್ಡೆ. ವೆಸ್ಟಾ ಸೇಬಿನ ಪೈ ಬಡಿಸುತ್ತ ನಮ್ಮ ಮೇಜಿಗೆ ಬಂದಳು.

"ವೆಸ್ಟಾ, ನಮ್ ಓರನ್ ನಿನ್ನ ನೋಡ್ತಾ ನೋಡ್ತಾನೇ ಮುದುಕ ಆಗೋದ ಕಣೆ. ಕಟ್ಕೊಂಡುಬಿಡೇ, ಪುಣ್ಯ ಬರುತ್ತೆ," ಎಂದೆ.

ಓರನ್ನನ ಫೋರ್ಕಿನಲ್ಲಿದ್ದ ಸಾಸೇಜು ಬಾಯಿಗೂ ಹೋಗದೆ ತಟ್ಟೆಗೂ ಇಳಿಯದೆ ನಡುವೆ ನಿಂತಿತು. ಅವನ ಕಿವಿಗಳು ಕೆಂಪಾದವು.

ವೆಸ್ಟಾ ನಗಲಿಲ್ಲ. "ಯಾಕೆ, ಅವನಿಗೆ ಬಾಯಿಲ್ವಾ?"

"ಇದ್ದಿದ್ರೆ ನಾನ್ಯಾಕೆ ಕೇಳ್ತಿದ್ದೆ?"

"ಹಾಗಾದ್ರೆ ಕೇಳಿಸ್ಕೋ ಎಲ್ವಾ. ಆ ಎಕ್ಸ್ ಅಲ್ಲಿರೋವರೆಗೂ ನಾನು ಮದುವೆ ಮಾತು ಎತ್ತೋದಿಲ್ಲ, ಎತ್ತೋಕೂ ಬಿಡಲ್ಲ."

ಓರನ್ನನ ಮುಂದೆ ಪೈ ಇಟ್ಟು ಹೋದಳು. ಮಿಕ್ಕವರಿಗೆ ಹಾಕಿದ್ದಕ್ಕಿಂತ ದೊಡ್ಡ ತುಂಡು.

ಮಾರನೆಯ ಬೆಳಿಗ್ಗೆ ಗುಡ್ಡದ ಕಡೆಯಿಂದ ಗರಗಸದ ಯಂತ್ರದ ಸದ್ದು ಕೇಳಿಸಿತು. ಈ ವರ್ಷ ಕಟಾವು ಬೇಗ ಶುರು ಮಾಡಿದ ಎಂದುಕೊಂಡೆ. ಕಾಫಿ ಬಗ್ಗಿಸಿಕೊಂಡು ಕಿಟಕಿಗೆ ಬಂದರೆ ಎಕ್ಸ್‌ಗೆ ಒಂದು ಕಾಲೇ ಇಲ್ಲ! ಚಪ್ಪಲಿಯಲ್ಲೇ ಓಡಿದೆ.

"ಲೋ ಓರನ್! ತಲೆಗಿಲೆ ಕೆಟ್ಟಿದ್ಯೇನೋ?"

ಯಂತ್ರ ನಿಲ್ಲಿಸಿದ. "ಅವರಿಗೆ ಇಷ್ಟ ಇಲ್ವಲ್ಲಕ್ಕ."

"ಮೂವತ್ತು ವರ್ಷ ಮಗು ಸಾಕಿದ ಹಾಗೆ ಸಾಕಿದ್ಯಲ್ಲೋ!"

"ಹೂಂ," ಎಂದು ಕೈಗವಸಿನಿಂದ ಕಣ್ಣು ಒರೆಸಿಕೊಂಡ. ಮರದ ಹೊಟ್ಟು ಬಿತ್ತು ಎಂದ. ಅವನು ಮತ್ತೆ ಯಂತ್ರ ಶುರು ಮಾಡಿದ. ಮಧ್ಯಾಹ್ನದ ಹೊತ್ತಿಗೆ ಎಕ್ಸ್ ಪೂರ್ತಿ ಮಲಗಿತ್ತು. ಚಳಿಗಾಲಕ್ಕೆ ಗಾಳಿ ತಡೆಯಲೆಂದು ನಾವೆಲ್ಲ ಮನೆಯ ಬುಡಕ್ಕೆ ಫರ್ ಕೊಂಬೆ ಒತ್ತಾಗಿ ಜೋಡಿಸುತ್ತೇವೆ. ಕಡಿದದ್ದನ್ನೆಲ್ಲ ಹೊತ್ತು ತಂದು ವೆಸ್ಟಾಳ ಮನೆಯ ಬುಡಕ್ಕೆ ಸುತ್ತಲೂ ಜೋಡಿಸಿದ. ಅವಳು ಬೆಳಿಗ್ಗೆಯೇ ಪೇಟೆಗೆ ಹೋಗಿದ್ದಳು.

ಹೆದ್ದಾರಿಯಿಂದ ನೋಡಿದರೆ ಈಗ ಗುಡ್ಡದ ಮೇಲೆ ಬರೀ 'ಮಸ್'. ಮೊದಲ ಫೋನು ಮರ್ಲ್‌ನದೇ.

"ಅಕ್ಕಾ, ಕ್ರಿಸ್ತನ್ನ ತೆಗೆದ, ಕ್ರಿಸ್ತನ್ನ ತೆಗೆದ ಅಂತ ಇಷ್ಟು ವರ್ಷ ಸುಮ್ಮನೆ ಬೈತಿದ್ರು. ಇವತ್ತು ನಿಜವಾಗ್ಲೂ ತೆಗೆದಿದ್ದಾನೆ ನೋಡಿ!"

ಎಕ್ಸ್ ಬೇಡ ಬೇಡ ಎಂದು ಬಾಯಿ ಬಡಿದುಕೊಂಡವರೇ ಸಂಜೆಯೊಳಗೆ ಅದನ್ನು ವಾಪಸ್ ನೆಡಿ ಎಂದು ಫೋನು ಮಾಡಿದರು. ಪಾದ್ರಿಗಳೂ ದಾರಿಯಲ್ಲಿ ಕಾರು ನಿಲ್ಲಿಸಿ, ಇಳಿದು, ನೋಡಿದರು. "ಏನೋ ಒಂದು ಇತ್ತಲ್ಲಮ್ಮ ಅಲ್ಲಿ," ಎಂದು ಮಾತ್ರ ಅಂದರು. ಓರನ್ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಟೋಪಿಯನ್ನು ತಿರುಗಿಸುತ್ತಿದ್ದ. ವೆಸ್ಟಾ ಬಂದಾಗ ಸಂತೋಷಪಡುತ್ತಾಳೆ ಎಂದು ಕಾಯುತ್ತಿದ್ದ, ಪಾಪ.

ವೆಸ್ಟಾ ಬಂದಳು. ಬಾಗಿಲು ತಟ್ಟಲಿಲ್ಲ, ತಳ್ಳಿಕೊಂಡೇ ಬಂದಳು. ಪೇಟೆಗೆ ಹಾಕಿಕೊಂಡು ಹೋಗಿದ್ದ ಕೋಟು ಮೈಮೇಲೇ ಇತ್ತು, ಕೈಯಲ್ಲಿ ಒಂದು ಫರ್ ಕೊಂಬೆ. ಬೆತ್ತದ ಹಾಗೆ ಹಿಡಿದಿದ್ದಳು.

"ಏನಿದು?"

ಓರನ್ ಎದ್ದು ನಿಂತ. "ನೀವೇ ಅಂದ್ರಲ್ಲ ಟೀಚರ್. ಅದು ಇರೋವರೆಗೂ..."

"ಕಡಿ ಅಂದ್ನಾ? ನಾನು ಕಡಿ ಅಂದ್ನಾ? ಹೆಸರು ಮುಗಿಸು ಅಂತ ಅದರ ಅರ್ಥ!" ಕೊಂಬೆಯನ್ನು ಮೇಜಿನ ಮೇಲೆ ಒಗೆದಳು. "ನೀನು ಗೂಟ ಹೊಡೀತಿದ್ದ ದಿನ ನೆನಪಿದ್ಯಾ? ಹೆಸರಿಗೆ ಜಾಗ ಸಾಲ್ತಾ ಇಲ್ಲ ಅನ್ನೋದು ನನಗೆ ಕಿಟಕಿಯಿಂದ್ಲೇ ಕಾಣ್ತಿತ್ತು. ಹೋಗಿ ಅಪ್ಪನ್ನ ಒಪ್ಪಿಸಿದೆ. ಆ ಮುದುಕನ್ನ ಒಪ್ಪಿಸೋದು ಅಂದ್ರೆ ಏನು ಅಂತ ಊರಿಗೇ ಗೊತ್ತು. ಓರನ್ ಬಂದು ಕೇಳಿದ್ರೆ ನಮ್ಮ ಕಡೆ ಗುಡ್ಡಾನೂ ಕೊಡ್ತೀನಿ ಅಂತ ಅವನ ಬಾಯಲ್ಲೇ ಹೇಳಿಸಿದೆ. ಶುಂಠಿ ಕೇಕ್ ಮಾಡ್ಕೊಂಡು ಬೇಲಿ ಹತ್ರ ಬಂದು ನಿಂತೆ. ನೀನು ಏನ್ ಮಾಡ್ದೆ?"

ಓರನ್ ನೆಲ ನೋಡಿದ. "ಕೇಕ್ ತಿಂದೆ."

"ಕೇಕ್ ತಿಂದೆ! ಚೆನ್ನಾಗಿದೆ ಅಂದೆ, ಟೋಪಿ ಎತ್ತಿದೆ, ಹೋಗಿ ಎಕ್ಸ್ ನೆಟ್ಟೆ! ಇಷ್ಟಗಲ ಜಾಗ ಕೇಳೋಕೆ ಆಗ್ಲಿಲ್ಲ ನಿನಗೆ. ದೇವರ ಹೆಸರನ್ನಾದ್ರೂ ಮೊಟಕು ಮಾಡೇನು, ವೆಸ್ಟಾ ಹತ್ರ ಮಾತ್ರ ಬಾಯಿ ಬಿಡಲಾರೆ ಅಂತ ಗುಡ್ಡದ ಮೇಲೆ ಬರೆದು ನಿಲ್ಲಿಸಿದೆ. ದಿನಾ ಬೆಳಗಾದ್ರೆ ಅದನ್ನೇ ನೋಡಿದ್ದೀನಿ ನಾನು!"

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಪ್ರವಚನವೇನು, ಗ್ರೀಕರೇನು, ಕಾರಿನ ಚೀಟಿಗಳೇನು! ಊರಿಗೆಲ್ಲ ಕ್ರಿಸ್ತನ ಚಿಂತೆಯಾಗಿದ್ದರೆ ಇವಳೊಬ್ಬಳಿಗೆ ಬೇಲಿಯ ಚಿಂತೆಯಾಗಿತ್ತು. ನಗುವೂ ಬಂತು, ಅಳುವೂ ಬಂತು.

"ಅಕ್ಕ ಕೇಳಿದ್ಲಲ್ಲ, ಊಟದ ದಿನ," ಎಂದ ಓರನ್.

"ನಿಮ್ಮಕ್ಕನ್ನ ಕಟ್ಕೊಳ್ಲಾ ನಾನು?"

ನಾನು ಬಾಯಿ ತೆರೆದೆ. ವೆಸ್ಟಾ ನನ್ನ ಕಡೆ ನೋಡಿದ ನೋಟಕ್ಕೆ ಮತ್ತೆ ಮುಚ್ಚಿದೆ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಏಳಲಿಲ್ಲ. ಓರನ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ, ಇನ್ನೊಂದು ಸುತ್ತು ತಿರುಗಿಸಿದ, ಆಮೇಲೆ ಮೇಜಿನ ಮೇಲಿಟ್ಟ. ಕೇಳು ಮಾರಾಯ, ಕೇಳು ಎಂದು ನಾನು ಮನಸ್ಸಿನಲ್ಲೇ ಅವನಿಗೆ ಮೊರೆಯಿಡುತ್ತಿದ್ದೆ.

"ವೆಸ್ಟಾ," ಎಂದ. ಟೀಚರ್ ಅನ್ನಲಿಲ್ಲ. "ಗುಡ್ಡದಲ್ಲಿ ನಿನ್ನ ಕಡೆ ಸ್ವಲ್ಪ ಜಾಗ ಬೇಕಾಗಿತ್ತು."

"ಎಷ್ಟು?"

"ಒಂದೈದು ಅಕ್ಷರದಷ್ಟು. ಆರನೇದು ನಮ್ಮ ಕಡೆ ಎಕ್ಸ್ ಇದ್ದ ಜಾಗದಲ್ಲೇ ಹಿಡಿಸುತ್ತೆ." ತಲೆ ಎತ್ತಿ ಅವಳ ಮುಖ ನೋಡಿದ. "ಇಲ್ಲ. ಪೂರ್ತಿ ಬೇಕು."

"ಪೂರ್ತಿ ಅಂದ್ರೆ ಅದರ ಜೊತೆ ನಾನೂ ಬರ್ತೀನಿ."

"ಅದಕ್ಕೇ ಕೇಳಿದ್ದು."

ವೆಸ್ಟಾ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ನಾನು ಎದ್ದು ಟೀ ಮಾಡಿದೆ, ಅರ್ಧ ಲೋಟಕ್ಕೆ ಬಿತ್ತು, ಅರ್ಧ ಚೆಲ್ಲಿತು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಎಲ್ಲರೆದುರಿಗೆ ಸುದ್ದಿ ಹೇಳಿ, ಮದುವೆ ಯಾವಾಗ ಇಟ್ಟುಕೊಳ್ಳೋಣ ಎಂದು ಕೇಳಿದರು. ವೆಸ್ಟಾ ಎದ್ದು ನಿಂತು ಪಾಠ ಒಪ್ಪಿಸಿದಂತೆ ಹೇಳಿದಳು: "ಮೇ ತಿಂಗಳಲ್ಲಿ ನೆಲದ ಹಿಮ ಕರಗಿದ ಮೇಲೆ ಸಸಿ ನೆಡ್ತೀವಿ. ಅದು ಬೇರು ಹಿಡೀಲಿ, ಹೆಸರು ಪೂರ್ತಿ ಆಗ್ಲಿ. ಮುಂದಿನ ಬೇಸಿಗೆ ಕಳೆದ ಮೇಲೆ ನೋಡೋಣ."

ಪಾದ್ರಿಗಳು ತಲೆಯಾಡಿಸಿದರು. ಅಷ್ಟರಲ್ಲಿ ನನ್ನ ಪಕ್ಕದ ಬೆಂಚು ಕಿರುಗುಟ್ಟಿತು. ನೋಡಿದರೆ ಓರನ್ ಎದ್ದು ನಿಂತಿದ್ದಾನೆ. ಅರವತ್ತೆಂಟು ವರ್ಷದಲ್ಲಿ ಆ ಚರ್ಚಿನೊಳಗೆ ಹಾಡು ಬಿಟ್ಟು ಬೇರೆ ದನಿ ತೆಗೆದವನಲ್ಲ.

"ಅಲ್ಲೀವರೆಗೂ ನನ್ನ ಕೈಲಾಗಲ್ಲ," ಎಂದ. ಗಟ್ಟಿಯಾಗಿಯೇ ಎಂದ. "ಗುಡ್ಡದ ಮೇಲೆ ಏನಾದ್ರೂ ಇರ್ಲಿ, ಮಸ್ ಅಂತಾದ್ರೂ ಇರ್ಲಿ. ನನಗೆ ಮದುವೆ ಈ ಶನಿವಾರ ಬೇಕು."

ಚರ್ಚಿಗೆ ಚರ್ಚೇ ಹೋ ಎಂದಿತು. ಮರ್ಲ್ ಬೆಂಚು ಗುದ್ದಿದ. ನಾನು ಕರವಸ್ತ್ರ ಹುಡುಕುವುದರೊಳಗೆ ಕಣ್ಣೀರು ಗಲ್ಲದವರೆಗೆ ಬಂದಿತ್ತು. ನನ್ನ ತಮ್ಮ, ನನ್ನ ಮೂಕ ತಮ್ಮ, ಊರೆಲ್ಲ ಕೇಳುವಂತೆ ಬೇಕು ಎಂದಿದ್ದ!

ಊರಿನ ಮೂರು ತಲೆಮಾರಿನ ಮಕ್ಕಳನ್ನು ಕಣ್ಣಲ್ಲೇ ಗದರಿಸಿ ಕೂರಿಸಿದ್ದ ವೆಸ್ಟಾ ಹರ್ಟಲ್ ನಿಂತಲ್ಲೇ ಕೆಂಪಾದಳು. ಕೈಚೀಲ ತೆರೆದಳು, ಮುಚ್ಚಿದಳು.

"ಶನಿವಾರ ಬೆಳಿಗ್ಗೆ ನಿಮಗೆ ಆಗುತ್ತಾ ಪಾದ್ರಿಗಳೇ?" ಎಂದಳು. "ಮಧ್ಯಾಹ್ನದವರೆಗೂ ಯಾಕೆ ಕಾಯೋದು?"