ಕೋಚ್ ಕೊಟ್ಟ ಪಾಲಿಶ್ ಡಬ್ಬಿ

ಟರ್ನ್‌ಪೈಕ್ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತುಬಿಡಬಹುದಿತ್ತು. ಟೈರ್ ಪಂಕ್ಚರ್ ಆಗಬಹುದಿತ್ತು. ಕೋಚ್ ಪಾಸ್‌ಪೋರ್ಟನ್ನು ಮನೆಯಲ್ಲೇ ಮರೆತು ಬರಬಹುದಿತ್ತು. ಗಾಬರಿಯಲ್ಲಿ ನಾನೇ ನ್ಯೂಅರ್ಕ್ ಏರ್‌ಪೋರ್ಟ್ ಬಿಟ್ಟು ಜೆ.ಎಫ್.ಕೆ. ಕಡೆಗೆ ಕಾರು ತಿರುಗಿಸಬಹುದಿತ್ತು. ಇದನ್ನೆಲ್ಲ ಒಂದು ವಾರ ಮೊದಲೇ ಯೋಚಿಸಿ ಮುಗಿಸಿದ್ದೆ. “ವಿಮಾನ ಹತ್ತೋದು ಅವರಾ, ನೀವಾ?” ಅಂತ ಹೆಂಡತಿ ಕೇಳಿದ್ದಳು.

ಹತ್ತು ವರ್ಷದ ಹಿಂದಿನ ಆ ಪಟ್ಟಿ ಮತ್ತೆ ನೆನಪಾಗಿದ್ದು ಹೋದ ಶನಿವಾರ, ಎಡಿಸನ್ನಿನ ನಮ್ಮ ಮನೆಯ ಗರಾಜು ಗುಡಿಸುವಾಗ. ಮೂಲೆಯಲ್ಲಿ ತುಕ್ಕು ಹಿಡಿದ ಶೂ ಪಾಲಿಶ್ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಮೇಣ, ಟರ್ಪೆಂಟೈನ್, ಸ್ವಲ್ಪ ಹುಲ್ಲು... ಹುಲ್ಲಿನ ವಾಸನೆ ನನ್ನ ಕಲ್ಪನೆ ಇರಬೇಕು.

ಮಗಳ ಸಾಕರ್ ಕೋಚ್ ಅವರು. ಆಸ್ಟ್ರಿಯಾದವರು. ಬೆಟ್ಟಗಳ ನಡುವಿನ ಪುಟ್ಟ ಊರಿನ ಕ್ಲಬ್ಬಿನಿಂದ ಶುರುಮಾಡಿ ಹನ್ನೊಂದು ವರ್ಷ ಡಿಫೆಂಡರ್ ಆಗಿ ಆಡಿದ್ದರಂತೆ. ದೊಡ್ಡ ಲೀಗಿನಲ್ಲಿ ಎರಡೇ ಸೀಸನ್. ಆಮೇಲೆ ಮಂಡಿ ಕೈಕೊಟ್ಟಿತು. ಒಂದು ಬೇಸಿಗೆ ಕ್ಯಾಂಪಿಗೆಂದು ನ್ಯೂಜೆರ್ಸಿಗೆ ಬಂದವರು ಇಪ್ಪತ್ತು ವರ್ಷ ಉಳಿದುಬಿಟ್ಟರು. ತಮ್ಮ ಕೊನೇ ಮ್ಯಾಚಿನ ಬಗ್ಗೆ ನನಗೆ ಒಂದೇ ಒಂದು ಸಲ ಹೇಳಿದ್ದರು: “ಸ್ಟ್ರೆಚರ್ ಮೇಲೆ ಮಲಗಿಸಿ ಹೊತ್ತುಕೊಂಡು ಹೋದರು. ಆಕಾಶ ಮಾತ್ರ ಕಾಣ್ತಿತ್ತು. ಗ್ರೌಂಡನ್ನ ಒಮ್ಮೆ ತಿರುಗಿ ನೋಡೋಕೂ ಆಗಲಿಲ್ಲ.”

ಅವರದೊಂದು ನಿಯಮವಿತ್ತು: ತಮ್ಮ ಬೂಟು ತಾವೇ ಪಾಲಿಶ್ ಮಾಡಿಕೊಳ್ಳದವರಿಗೆ ಚೆಂಡಿಲ್ಲ. ನಾನು ಕೇಳುವವನೇ? ಶುಕ್ರವಾರ ಸಂಜೆ ಗರಾಜಿನಲ್ಲಿ ಕದ್ದು ಕೂತು ಮಗಳ ಬೂಟು ಉಜ್ಜುತ್ತಿದ್ದೆ. ಮರುದಿನ ಎಡವಿ ಬೀಳದಿರಲೆಂದು ಲೇಸಿಗೆ ಮೂರು ಗಂಟು ಬೇರೆ. ಒಂದು ಶನಿವಾರ ಕೋಚ್ ನೋವಿನ ಮಂಡಿಯನ್ನು ನಿಧಾನಕ್ಕೆ ಮಡಿಸಿ ಕೂತು, ಆ ಗಂಟುಗಳನ್ನೇ ನೋಡಿದ್ದರು. “ನಂಬರ್ ಸೆವೆನ್, ಇದು ನೀನು ಹಾಕಿದ ಗಂಟಲ್ಲ. ಇಷ್ಟು ಭಯ ನಿನಗಿಲ್ಲ.” ಮಗಳು ನನ್ನ ಕಡೆ ತಿರುಗಿ, “ಅಪ್ಪಾ, ಐ ಟೋಲ್ಡ್ ಯು,” ಅಂದಳು. ನಾನು ಆಕಾಶ ನೋಡಿದೆ.

ಅಪ್ಪ ಅಮ್ಮಂದಿರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ. ಮಗಳ ಜೆರ್ಸಿಯ ನಂಬರಿನಿಂದ ನಾನು ‘ನಂಬರ್ ಸೆವೆನ್ ಅಪ್ಪ’. ಎರಡೂ ಮಂಡಿ ಸೋತು, ಊರಲ್ಲಿದ್ದ ತಂಗಿ ಒತ್ತಾಯ ಮಾಡಿ ವಾಪಸ್ ಕರೆಸಿಕೊಂಡಾಗ, ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡುತ್ತೇನೆ ಅಂತ ಮುಂದೆ ಬಿದ್ದು ಹೇಳಿದ್ದೆ.

ಅವತ್ತು ಕಾರಿನಲ್ಲಿ ಅವರು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮಕ್ಕಳಿಗೆ ಆಟ ಕಲಿಸುತ್ತಿದ್ದ ಗ್ರೌಂಡಿನ ಕಡೆಗೆ ಎಡಕ್ಕೆ ತಿರುಗುವ ಸಿಗ್ನಲ್ ಬಂದಾಗ, “ಐದು ನಿಮಿಷ ನಿಲ್ಲಿಸ್ತೀರಾ? ಇಳಿಯಲ್ಲ. ನೋಡ್ತೀನಿ, ಅಷ್ಟೇ,” ಅಂದರು.

“ಬೇಡ ಕೋಚ್, ಲೇಟಾಗುತ್ತೆ. ಟರ್ನ್‌ಪೈಕ್ ನಂಬೋಕಾಗಲ್ಲ,” ಅಂದೆ.

ಅವರು ತಲೆಯಾಡಿಸಿದರು. ಕಿಟಕಿಯ ಕಡೆ ಕತ್ತು ತಿರುಗಿಸಿ, ಗ್ರೌಂಡಿನ ದೀಪದ ಕಂಬಗಳು ಮರಗಳ ಹಿಂದೆ ಮರೆಯಾಗುವವರೆಗೂ...

ಟರ್ನ್‌ಪೈಕ್ ಖಾಲಿಯಿತ್ತು. ನಾವು ಹೋದಾಗ ಅವರ ವಿಮಾನದ ಕೌಂಟರಿಗೆ ಇನ್ನೂ ಯಾರೂ ಬಂದಿರಲಿಲ್ಲ. ಎರಡು ಗಂಟೆ ಬೆಂಚಿನ ಮೇಲೆ ಕೂತೆವು. ಗ್ರೌಂಡಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಹೊರಡುವಾಗ ಬ್ಯಾಗಿನಿಂದ ಈ ಡಬ್ಬಿ ತೆಗೆದು ನನ್ನ ಕೈಲಿಟ್ಟರು. “ಹೇಗೂ ಪಾಲಿಶ್ ಮಾಡೋರು ನೀವೇ ತಾನೇ.”

ಎರಡು ವರ್ಷದ ಮೇಲೆ ಅವರ ತಂಗಿಯಿಂದ ಟೀಮಿಗೆ ಇಮೇಲ್ ಬಂತು. ನಿದ್ದೆಯಲ್ಲೇ ಹೋಗಿದ್ದರಂತೆ. ಮಗಳು ಕಾಲೇಜಿನಿಂದ ಫೋನ್ ಮಾಡಿ ಅತ್ತಳು. ಆ ಐದು ನಿಮಿಷದ ವಿಷಯ ನಾನು ಅವಳಿಗೂ ಹೇಳಿಲ್ಲ.

ಶನಿವಾರ ಗರಾಜು ಅರ್ಧಕ್ಕೇ ಬಿಟ್ಟು, ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಗ್ರೌಂಡಿಗೆ ಹೋದೆ. ಯಾರದೋ ಮಕ್ಕಳು ಆಡುತ್ತಿದ್ದರು. ಇಳಿಯಲಿಲ್ಲ. ಅರ್ಧ ಗಂಟೆ ನೋಡುತ್ತಾ ಕೂತಿದ್ದೆ.

ಪಾಸ್‌ಪೋರ್ಟ್ ಮರೆಯಲಿಲ್ಲ, ಟೈರ್ ಪಂಕ್ಚರ್ ಆಗಲಿಲ್ಲ, ವಿಮಾನ ತಪ್ಪಲಿಲ್ಲ. ಎಡಕ್ಕೆ ತಿರುಗಬೇಕಾಗಿದ್ದ ಸಿಗ್ನಲ್ಲಿನಲ್ಲಿ ನಾನು ನೇರ ಹೋದೆ, ಅಷ್ಟೇ.